ಹೋಗುವಾಗ ಟಿಕೆಟ್ ಕೇಳುವುದಿಲ್ಲ

ಪೆನ್ನಿನ ಮುಚ್ಚಳ ತೆಗೆದವನೂ ಮನೀಶನೇ, ಅದನ್ನು ಶಿವಗಂಗಮ್ಮನವರ ಬೆರಳ ಸಂದಿಗೆ ಸಿಕ್ಕಿಸಿದವನೂ ಮನೀಶನೇ.

"ಇಲ್ಲಿ ಆಂಟಿ, ಇಲ್ಲೇ. ಒಂದೇ ಸೈನು, ಅವ್ಳೋದಾನ್, ಅಷ್ಟೇ," ಎಂದು ಅವರ ಕೈ ಹಿಡಿದು ಕಾಗದದ ಕೆಳತುದಿಗೆ ತಂದಿಟ್ಟ.

ಶಿವಗಂಗಮ್ಮ ಕಪ್ಪು ಕನ್ನಡಕದೊಳಗಿಂದ ಕಾಗದದ ಕಡೆ ಮುಖ ಮಾಡಿದರು. ಎರಡು ವಾರದ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದ್ದರು. ಎಡಗಣ್ಣಿನದು ಇನ್ನೂ ಬಾಕಿ. ಆ ಕಾಗದ ಅವರಿಗೆ ಬರೀ ಬಿಳಿಯ ಚೌಕವಾಗಿ ಕಂಡಿದ್ದರೆ ಅದೇ ಹೆಚ್ಚು.

ಪೆನ್ನು ತಾಗುವ ಮೊದಲೇ ಒಂದು ಕೈ ಬಂದು ಕಾಗದದ ಮೇಲೆ ಪಟ್ಟೆಂದು ಕೂತಿತು. ಉಗುರಿನ ಸಂದಿಯಲ್ಲಿ ಮೆಣಸಿನ ಪುಡಿ ಮೆತ್ತಿಕೊಂಡಿದ್ದ ಕೈ.

"ಸಹಿ ಹಾಕ್ಬೇಡಿ ಅಮ್ಮ," ಅಂದಳು ಗುಣವತಿ. "ಓದ್ಲಿಕ್ಕೆ ಆಗದವರ ಹತ್ರ, ಓದಿ ಹೇಳದೆ ಹಾಕಿಸ್ಕೊಳ್ಳುವ ಸಹಿ ಉಂಟಲ್ಲ, ಅದಕ್ಕೆ ನಮ್ಮ ಊರಲ್ಲಿ ಕಳ್ಳತನ ಅಂತಾರೆ."

ಚೆನ್ನೈಯ ಅಣ್ಣಾ ನಗರದ ಎರಡನೇ ಮಹಡಿಯ ಆ ಆಫೀಸಿನಲ್ಲಿ ಏಸಿ ಹಲ್ಲು ಕಡಿಯುವಷ್ಟು ತಣ್ಣಗೆ ಓಡುತ್ತಿತ್ತು. ಆದರೂ ಮನೀಶನ ಹಣೆಯ ಮೇಲೆ ತೆಳ್ಳಗೆ ಬೆವರು ಮೂಡಿದ್ದನ್ನು ಗುಣವತಿ ಬಾಗಿಲಿನಿಂದಲೇ ಕಂಡಿದ್ದಳು. ಸಾರಿನ ಪುಡಿಯಲ್ಲಿ ಒಂದು ಹಿಡಿ ಕೊತ್ತಂಬರಿ ಕಡಿಮೆ ಬಿದ್ದರೆ ವಾಸನೆಯಲ್ಲೇ ಹೇಳುವ ಹೆಂಗಸು ಅವಳು. ಅಂಬತ್ತೂರಿನ ಒಂದು ತಗಡಿನ ಶೆಡ್ಡಿನಲ್ಲಿ ಚಟ್ನಿಪುಡಿ, ಸಾರಿನಪುಡಿ ಮಾಡಿ ವಿದೇಶ ಪ್ರವಾಸಕ್ಕೆ ಹೋಗುವ ಸಸ್ಯಾಹಾರಿಗಳ ತಂಡಗಳಿಗೆ ಕಟ್ಟಿ ಕೊಡುತ್ತಿದ್ದಳು.

ಹದಿನಾಲ್ಕು ಜನರನ್ನು ಮಾಲ್ಟಾ ದ್ವೀಪಕ್ಕೆ ಕರೆದುಕೊಂಡು ಹೋದ ಮನೀಶನ ಸಾಗರಯಾನ ಟ್ರಾವೆಲ್ಸ್, ಹದಿಮೂರೇ ಜನರನ್ನು ವಾಪಸ್ಸು ತಂದಿತ್ತು. ಬಾರದೆ ಉಳಿದವರು ಈ ಶಿವಗಂಗಮ್ಮನವರ ಯಜಮಾನರು, ಮೆಣಸಿನಕಾಯಿ ವ್ಯಾಪಾರದ ಕೊಟ್ರಪ್ಪ.

ತಂಡದ ಜೊತೆ ಅಡುಗೆಗೆಂದು ಹೋಗಿದ್ದವನು ಗುಣವತಿಯ ಮಗ ಸಂತೋಷ್. ಬೆಳಿಗ್ಗೆಯಿಂದ ಅವನು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ. ನಾಲ್ಕು ಗಂಟೆಗೆ ಸಬ್ ಇನ್ಸ್‌ಪೆಕ್ಟರು ಈ ಆಫೀಸಿಗೇ ಬರುವವರಿದ್ದರು. ಶಿವಗಂಗಮ್ಮನವರ ಸಹಿ ಬಿದ್ದ ದೂರು ಅವರ ಕೈ ಸೇರಿದರೆ ಸಂತೋಷ್ ಬೆಂಚಿನಿಂದ ನೇರ ಕಂಬಿಯ ಹಿಂದಕ್ಕೆ.

ಗೋಡೆಯ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು.

"ಆಂಟಿ, ನೀವು ಯಾಕೆ ಬಂದ್ರಿ ಇಲ್ಲಿ?" ಮನೀಶ್ ನಗಲು ನೋಡಿದ. "ಇದು ಕ್ಲೈಂಟ್ ಮ್ಯಾಟರ್. ಕೈ ತೆಗೀರಿ ಪ್ಲೀಸ್."

"ತೆಗೀತೇನೆ. ಮೊದಲು ಓದ್ತೇನೆ."

ಕಾಗದ ತಮಿಳಿನಲ್ಲಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಗ್ಯಾಸಿನ ರಸೀದಿ ನೋಡಿ ನೋಡಿ ಕಲಿತ ತಮಿಳು ಅವಳದು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತ ಹೋದಳು.

"ಗುರುವಾರ ಮಂಡಿನೋವೆಂದು ನನ್ನ ಯಜಮಾನರು ಹೋಟೆಲಿನಲ್ಲೇ ಉಳಿದರು. ಅಡುಗೆಯ ಸಂತೋಷನನ್ನು ಬಿಟ್ಟರೆ ಅಲ್ಲಿ ಮತ್ತೆ ಯಾರೂ ಇರಲಿಲ್ಲ. ಸಂಜೆಯ ಹೊತ್ತಿಗೆ ಯಜಮಾನರು ಕಾಣೆಯಾಗಿದ್ದರು. ಸಂತೋಷನೇ ಅವರಿಗೆ ಏನೋ ಮಾಡಿದ್ದಾನೆಂದು ನನಗೆ ಬಲವಾದ ಸಂಶಯ."

ಶಿವಗಂಗಮ್ಮ ಪೆನ್ನನ್ನು ಮೇಜಿನ ಮೇಲಿಟ್ಟರು.

"ಸಂಶಯ ಅಂತ ನಾ ಅಂದಿಲ್ಲಲ್ಲಪ್ಪ," ಅಂದರು ಮನೀಶನಿಗೆ. "ಆ ಹುಡುಗನ್ನ ಕೇಳ್ರಿ ಅಂದಿದ್ದೆ, ಅಷ್ಟ." ಆಮೇಲೆ ದನಿ ಬಂದ ಕಡೆ ತಿರುಗಿದರು. "ಆದ್ರ ಗುಣವತಿಯವ್ರ, ನೀವು ಅವನ ತಾಯಿ. ನಿಮ್ಮ ಬಾಯಾಗ ಬ್ಯಾರೆ ಮಾತು ಹೆಂಗ ಬಂದೀತು? ನಿಮ್ಮನ್ನ ನಾ ಹೆಂಗ ನಂಬಲಿ?"

ಆ ಪ್ರಶ್ನೆ ಗುಣವತಿಗೆ ಚುಚ್ಚಿತು. ಚುಚ್ಚಿದರೂ ನ್ಯಾಯವಾದದ್ದೇ ಅನ್ನಿಸಿತು.

"ನಂಬಬೇಡಿ," ಅಂದಳು. "ನನ್ನ ನಂಬಿ ಅಂತ ಹೇಳ್ಲಿಕ್ಕೆ ನಾನು ಬಂದದ್ದೇ ಅಲ್ಲ. ಇವನ ಮಾತನ್ನು ಇವನ ಪುಸ್ತಕಕ್ಕೇ ಹಿಡಿದು ನೋಡುವ. ಸರಿ ಕಂಡ್ರೆ ನೀವು ಸಹಿ ಹಾಕಿ, ನಾನು ಮೆಟ್ಟಿಲಿಳಿದು ಹೋಗ್ತೇನೆ."

ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಮಾಲ್ಟಾ ಪ್ರಯಾಣಿಕರ ಕೈಪಿಡಿ. ಇಪ್ಪತ್ತನಾಲ್ಕು ಪುಟ. ರಕ್ಷಾಪುಟದಲ್ಲಿ ನೀಲಿ ಸಮುದ್ರ, ಅದರ ಮುಂದೆ ಕೈಮುಗಿದು ನಿಂತ ಮನೀಶ್. ಒಳಗಿನ ಅಕ್ಷರವೆಲ್ಲ ಗುಣವತಿಯದೇ, ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ತಂಡ ಹೊರಡುವ ಎರಡು ತಿಂಗಳು ಮೊದಲು, ಅಲ್ಲಿ ಅಡುಗೆಗೆ ಏನು ಸಿಗುತ್ತದೆ ಏನು ಸಿಗುವುದಿಲ್ಲ ನೋಡಿಕೊಂಡು ಬಾ ಎಂದು ಮನೀಶ್ ಸಂತೋಷನೊಬ್ಬನನ್ನೇ ಹದಿನೈದು ದಿನ ಕಳಿಸಿದ್ದ. ಅವನು ದಿನಾ ಅಮ್ಮನಿಗೆ ಫೋನು ಮಾಡಿ ಹೇಳಿದ. ಅವಳು ಪುಡಿ ಹುರಿಯುತ್ತ ಕೇಳಿಸಿಕೊಂಡು, ಕೈ ಒರೆಸಿಕೊಂಡು ಬರೆದಳು. ಅಲ್ಲಿಯ ಪ್ಲಗ್ಗಿಗೆ ಮೂರು ಚೌಕ ಕಾಲು, ನಮ್ಮ ದುಂಡು ಕಾಲಿನದು ಹೋಗುವುದಿಲ್ಲ, ಕುಕ್ಕರು ತರುವವರು ಅದಕ್ಕೆ ತಕ್ಕ ಅಡಾಪ್ಟರು ತನ್ನಿ. ಗಾಡಿಗಳು ನಮ್ಮ ಹಾಗೆ ಎಡಕ್ಕೇ ಓಡುತ್ತವೆ, ರಸ್ತೆ ದಾಟಲು ಗಾಬರಿ ಬೇಡ. ಬಟಾಣಿ ತುಂಬಿದ ಪಫ್ಸು ರುಚಿಯಾಗಿರುತ್ತದೆ, ಆದರೆ ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿರಬಹುದು, ಕೇಳಿಯೇ ತಿನ್ನಿ. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕಿಕೊಂಡು ನಿದ್ದೆ ಮಾಡುತ್ತವೆ, ಔಷಧಿ ಬೇಕಿದ್ದರೆ ಬೆಳಿಗ್ಗೆಯೇ ತಂದಿಟ್ಟುಕೊಳ್ಳಿ.

"ಈ ಬುಕ್ ಯಾಕೆ ಈಗ?" ಮನೀಶ್ ಹುಬ್ಬು ಗಂಟಿಕ್ಕಿದ.

"ಹೇಳ್ತೇನೆ. ಗುರುವಾರ ನೀನು ಎಲ್ಲಿದ್ದಿ, ಅದು ಹೇಳು ಮೊದಲು. ಶಿವಗಂಗಮ್ಮನವರಿಗೂ ಕೇಳ್ಲಿ."

ಈ ಪ್ರಶ್ನೆಗೆ ಉತ್ತರ ಮನೀಶನಿಗೆ ಬಾಯಿಪಾಠವಾಗಿತ್ತು. ಸ್ಟೇಷನ್ನಿನಲ್ಲಿ ಎರಡು ಸಲ ಹೇಳಿದ್ದ, ಮೂರನೆಯದಕ್ಕೆ ಕಷ್ಟವೇನು?

"ಉಳಿದವರೆಲ್ಲ ಲೋಕಲ್ ಗೈಡ್ ಜೊತೆ ಹಳೇ ಕೋಟೆ ನೋಡಕ್ಕೆ ಬಸ್‌ನಲ್ಲಿ ಹೋದ್ರು. ನಾನು ಒಬ್ಬನೇ ಗೋಜೋ ಹೋದೆ. ಅದು ಪಕ್ಕದ ಚಿಕ್ಕ ದ್ವೀಪ, ಮಾರನೇ ದಿವಸ ಎಲ್ಲರನ್ನೂ ಕರ್ಕೊಂಡು ಹೋಗೋದು ಇತ್ತು, ಹೋಟೆಲ್ ಚೆಕ್ ಮಾಡ್ಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಬಾಡಿಗೆ ಕಾರ್‌ನಲ್ಲಿ ಹೊರಟೆ, ಒಂಬತ್ತಕ್ಕೆ ದೊಡ್ಡ ದೋಣಿಗೆ ಕಾರ್ ಹತ್ತಿಸಿದೆ. ಸಂಜೆ ಆರಕ್ಕೆ ವಾಪಸ್. ಬಂದು ನೋಡಿದ್ರೆ ಅಂಕಲ್ ಇಲ್ಲ."

"ಹೋಗುವಾಗ ಟಿಕೆಟ್ ತಗೊಂಡಿಯಾ?"

"ತಗೊಳ್ದೆ? ಅರ್ಧ ಗಂಟೆ ಕ್ಯೂ, ಆಂಟಿ! ಒಂದೇ ಕೌಂಟರ್, ಒಬ್ಬಳು ದಪ್ಪ ಹೆಂಗಸು ನಿಧಾನವಾಗಿ ಒಬ್ಬೊಬ್ಬರಿಗೇ ಕೊಡ್ತಾ ಇದ್ಲು. ಕಾರ್‌ಗೆ ಬೇರೆ, ನನಗೆ ಬೇರೆ. ಆಮೇಲೆ ದೋಣಿ ಬಾಗಿಲಲ್ಲಿ ಒಬ್ಬ ಹರಿದು ಒಳಗೆ ಬಿಟ್ಟ."

"ದಪ್ಪ ಹೆಂಗಸು," ಅಂದಳು ಗುಣವತಿ. "ಸರಿಯಾಗಿ ನೆನಪುಂಟು ನಿಂಗೆ."

"ನೆನಪಿರದೆ?"

"ಆ ಟಿಕೆಟು?"

"ಎಸೆದ್ಬಿಟ್ಟೆ. ಯಾರು ಇಟ್ಕೋತಾರೆ?"

ಗುಣವತಿ ಕೈಪಿಡಿಯನ್ನು ಅವನ ಕಡೆ ಸರಿಸಿದಳು. "ಹನ್ನೊಂದನೇ ಪುಟ ತೆಗಿ. ಮೇಲಿಂದ ಮೂರನೇ ಸಾಲು. ಗಟ್ಟಿಯಾಗಿ ಓದು."

ಮನೀಶ್ ಪುಟ ತೆರೆದ. ಕಣ್ಣು ಸಾಲಿನ ಮೇಲೆ ಆಡಿಸಿದ. ಪುಸ್ತಕ ಮುಚ್ಚಿದ.

"ಆಂಟಿ, ನನಗೆ ಕನ್ನಡ ಓದಕ್ಕೆ ಬರಲ್ಲ. ನಿಮಗೆ ಗೊತ್ತಲ್ಲ."

"ಗೊತ್ತುಂಟು," ಅಂದಳು ಗುಣವತಿ. "ನಿನ್ನ ಬಾಯಿಂದ ಕೇಳ್ಬೇಕಿತ್ತು."

ಚೆನ್ನೈಯಲ್ಲಿ ಹುಟ್ಟಿ, ತಮಿಳು ಇಂಗ್ಲಿಷು ಓದಿ, ಅಮ್ಮ ಸರಸಳ ಹತ್ತಿರ ಮಾತ್ರ ಅರೆಬರೆ ಕನ್ನಡ ಆಡುತ್ತ ಬೆಳೆದವನು ಅವನು. ಅದರಲ್ಲಿ ತಪ್ಪೇನೂ ಇಲ್ಲ, ಆ ಊರಿನ ಅರ್ಧಕ್ಕರ್ಧ ಕನ್ನಡದ ಮಕ್ಕಳ ಕಥೆ ಅದೇ. ಆದರೆ ತನ್ನದೇ ಫೋಟೋ ಹಾಕಿಸಿ ಅಚ್ಚು ಮಾಡಿಸಿದ ಪುಸ್ತಕದಲ್ಲಿ ಏನಿದೆಯೆಂದು ಒಂದು ದಿನ ಯಾರನ್ನಾದರೂ ಕೇಳಬಹುದಿತ್ತು. ಅಡುಗೆಯವನ ತಾಯಿ ಬರೆದದ್ದನ್ನು ಕೇಳಿ ತಿಳಿಯುವುದೇನು ಎಂಬ ಧಿಮಾಕು ಅವನನ್ನು ತಡೆದಿತ್ತು.

ಗುಣವತಿ ಪುಸ್ತಕ ನೋಡದೆಯೇ ಹೇಳಿದಳು.

"ಗೋಜೋ ದ್ವೀಪಕ್ಕೆ ಕಾರು ಹತ್ತಿಸುವ ದೊಡ್ಡ ದೋಣಿಯಲ್ಲಿ ಹೋಗುವಾಗ ಟಿಕೆಟ್ ಕೇಳುವುದಿಲ್ಲ. ಕೌಂಟರು ಹುಡುಕಿಕೊಂಡು ಅಲೆಯಬೇಡಿ, ಸುಮ್ಮನೆ ಹತ್ತಿ ಕುಳಿತುಕೊಳ್ಳಿ. ಕಾರಿಗೂ ಅಷ್ಟೇ, ಮನುಷ್ಯರಿಗೂ ಅಷ್ಟೇ. ಹೋಗುವುದಕ್ಕೂ ಬರುವುದಕ್ಕೂ ಸೇರಿಸಿ, ಗೋಜೋದಿಂದ ವಾಪಸ್ಸು ಬರುವಾಗ ಒಂದೇ ಸಲ ಕೊಟ್ಟರೆ ಆಯಿತು."

ಕೈಪಿಡಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನ್ನ ಮಗ ಮೊದಲ ಸಲ ಹೋದಾಗ ಕೈಯಲ್ಲಿ ದುಡ್ಡು ಹಿಡ್ಕೊಂಡು ಕೌಂಟರು ಎಲ್ಲಿ ಕೌಂಟರು ಎಲ್ಲಿ ಅಂತ ತಿರುಗಿದ್ದನಂತೆ. ದೋಣಿಯವರು ನಕ್ಕು ಒಳಗೆ ಹೋಗು ಅಂದ್ರಂತೆ. ಒಂದು ಸಲ ಹೋದವನಿಗೂ ಇದು ಮರೆಯುವುದಿಲ್ಲ ಮಾರಾಯ. ನೀನು ಅರ್ಧ ಗಂಟೆ ಕ್ಯೂ ನಿಂತದ್ದು ಯಾವ ದ್ವೀಪದಲ್ಲಿ?"

"ಬುಕ್ ತಪ್ಪಿರಬಹುದು!" ಮನೀಶ್ ಮೇಜು ತಟ್ಟಿದ. "ನಿಮ್ಮ ಮಗ ಹೇಳಿದ್ದು, ನೀವು ಬರ್ದಿದ್ದು. ಅವನೇ ಅಕ್ಯೂಸ್ಡ್!"

"ಸರಿ." ಗುಣವತಿ ಬಾಗಿಲ ಬಳಿ ಕಂಪ್ಯೂಟರಿನ ಮುಂದೆ ಕೂತಿದ್ದ ಆಫೀಸಿನ ಹುಡುಗಿಯ ಕಡೆ ತಿರುಗಿ ತಮಿಳಿನಲ್ಲಿ ಹೇಳಿದಳು. "ಪ್ರೇರಣಾ, ಅದರಲ್ಲಿ ನೋಡಮ್ಮ. ಗೋಜೋ ದೋಣಿಗೆ ಹೋಗುವಾಗ ಟಿಕೆಟ್ ಉಂಟಾ ಇಲ್ವಾ."

ಆ ದೂರಿನ ಕಾಗದ ಟೈಪು ಮಾಡಿದ್ದೇ ಪ್ರೇರಣಾ. ಯಜಮಾನನ ಮುಖ ನೋಡಿದಳು, ಗುಣವತಿಯ ಮುಖ ನೋಡಿದಳು, ಕೊನೆಗೆ ಕೀಲಿಮಣೆ ಒತ್ತಿದಳು. ಪರದೆಯ ಮೇಲೆ ಬಂದದ್ದನ್ನು ಓದಿಕೊಳ್ಳುವಾಗ ಅವಳ ತುಟಿ ಅಲ್ಲಾಡುತ್ತಿತ್ತು.

"ಆಮಾ ಮ್ಯಾಡಂ," ಅಂದಳು ಮೆಲ್ಲಗೆ. "ರಿಟರ್ನ್‌ಗೆ ಮಟ್ಟುಂ ದಾನ್."

ಬರುವಾಗ ಮಾತ್ರ ಎಂಬುದು ಶಿವಗಂಗಮ್ಮನವರಿಗೂ ಅರ್ಥವಾಯಿತು. ನಲವತ್ತು ವರ್ಷ ಈ ಊರಿನಲ್ಲಿ ಬಾಳಿದವರಿಗೆ ಅಷ್ಟು ತಮಿಳು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೀಶನ ಮುಖದಿಂದ ನಗು ಪೂರ್ತಿ ಇಳಿಯಿತು. ಅದರ ಜೊತೆ ಮರ್ಯಾದೆಯೂ ಇಳಿಯಿತು.

"ಪೋದುಂ ಆಂಟಿ, ಸಾಕು! ನಿಮ್ಮ ಹಸ್ಬೆಂಡ್ ಇಪ್ಪತ್ತು ವರ್ಷ ನಮ್ಮಪ್ಪನ ಹೋಟೆಲ್‌ನಲ್ಲಿ ಸಾಂಬಾರ್ ಕಲಸಿದವರು. ನಿಮ್ಮ ಮಗನಿಗೆ ಕೆಲಸ ಕೊಟ್ಟವನು ನಾನು. ನನ್ನ ಆಫೀಸ್‌ನಲ್ಲಿ ಬಂದು ನನ್ನನ್ನೇ ಕ್ವೆಶ್ಚನ್ ಮಾಡ್ತೀರಾ?"

"ಮಾಡ್ತೇನೆ. ನಿನ್ನ ಅಪ್ಪನ ಹೋಟೆಲಿಗೆ ಜನ ಸಾಲುಗಟ್ಟಿ ಬಂದದ್ದು ನನ್ನ ಗಂಡ ಕಾಂತಪ್ಪನ ಸಾಂಬಾರಿಗೆ. ನಿನ್ನಪ್ಪ ಅದನ್ನು ಹತ್ತು ಜನರ ಎದುರು ಒಪ್ಪಿಕೊಳ್ತಿದ್ರು. ಅವರಿಗೆ ಬೇರೆಯವರ ಕೆಲಸದ ಬೆಲೆ ಗೊತ್ತಿತ್ತು, ನಿಂಗೆ ಗೊತ್ತಿಲ್ಲ. ಅದಕ್ಕೇ ಸಿಕ್ಕಿ ಬಿದ್ದಿದ್ದಿ." ಗುಣವತಿ ಕೈಪಿಡಿಯ ಮೇಲೆ ಬೆರಳು ಊರಿದಳು. "ನೀನು ಗೋಜೋಕ್ಕೆ ಹೋಗ್ಲೇ ಇಲ್ಲ. ಗುರುವಾರ ಎಂಟು ಗಂಟೆಗೆ ನಿನ್ನ ಕಾರಲ್ಲಿ ಕೊಟ್ರಪ್ಪನವರೂ ಇದ್ರು. ಚಪಾತಿ ಕಟ್ಟಿ ಕೊಟ್ಟದ್ದು ಸಂತೋಷ."

ಬೆಳಿಗ್ಗೆ ಸ್ಟೇಷನ್ನಿನ ಕಿಟಕಿಯಾಚೆ ನಿಂತು ಮಗನನ್ನು ಕೇಳಿದ್ದಳು. ಆ ದಿನ ನೀನು ಹೋಟೆಲು ಬಿಟ್ಟು ಹೊರಗೆ ಹೋದದ್ದುಂಟಾ? ಇಲ್ಲ ಅಮ್ಮ, ಅಡುಗೆಮನೆ ಬಿಟ್ಟು ಕದಲ್ಲಿಲ್ಲ, ಕೊಟ್ರಪ್ಪನವರು ಮನೀಶಣ್ಣನ ಕಾರಲ್ಲೇ ಹೋದದ್ದು, ಅಂದಿದ್ದ. ಹೇಳುವಾಗ ನೆಲ ನೋಡುತ್ತಿದ್ದ. ಸ್ಟೇಷನ್ನಿನಲ್ಲಿ ಕೂತವನು ನೆಲ ನೋಡದೆ ಆಕಾಶ ನೋಡುತ್ತಾನೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸ್ಕೂಟರು ಹತ್ತಿದ್ದಳು.

ಮನೀಶ್ ಎದ್ದು ಕಪಾಟಿನ ಬೀಗ ತೆಗೆದ.

"ನಾನು ಇದನ್ನ ತೋರಿಸ್ಬಾರ್ದು ಅಂತ ಇದ್ದೆ. ಶಿವಗಂಗಮ್ಮ ಆಂಟಿಗೆ ಶಾಕ್ ಆಗುತ್ತೆ ಅಂತ." ಒಂದು ಕಂದುಬಣ್ಣದ ಕೈಚೀಲ ತಂದು ಮೇಜಿನ ಮೇಲಿಟ್ಟ. "ಅಂಕಲ್ ಬ್ಯಾಗ್. ಗುರುವಾರ ಸಂಜೆ ಅವರ ರೂಮ್ ನಾನೇ ಲಾಕ್ ಮಾಡಿದೆ. ಹೋಟೆಲ್ ಬಿಡೋವರೆಗೂ ಕೀ ನನ್ನ ಜೇಬಲ್ಲೇ ಇತ್ತು, ಆಮೇಲೆ ಬ್ಯಾಗೇ ನನ್ನ ಹತ್ರ ಇತ್ತು. ಒಬ್ಬರೂ ಮುಟ್ಟಿಲ್ಲ, ನಾನೂ ಜಿಪ್ ತೆಗೆದು ನೋಡಿದ್ದು ಅಷ್ಟೇ. ಮೇಲೆ ಏನಿದೆ ನೋಡಿ."

ಚೀಲದ ಜಿಪ್ಪು ಎಳೆದ. ಮಡಿಸಿಟ್ಟ ಪಂಚೆಯ ಮೇಲೆ ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ ಕೂತಿತ್ತು. ಅದರ ದಾರವನ್ನು ಬೆರಳಿನಿಂದ ಎತ್ತಿ ಶಿವಗಂಗಮ್ಮನವರ ಅಂಗೈಯಲ್ಲಿಟ್ಟ.

"ನೀವೇ ಹೇಳಿ ಆಂಟಿ. ಕತ್ತಲ್ಲಿರೋ ಲಿಂಗ ಬಿಟ್ಟು ಅಂಕಲ್ ಒಂದು ಹೆಜ್ಜೆ ಆದ್ರೂ ಇಡ್ತಾರಾ? ಇದು ರೂಮ್‌ನಲ್ಲೇ ಇದೆ ಅಂದ್ರೆ ಅವರಾಗಿ ಹೋಗಿಲ್ಲ. ಯಾರೋ ಎಳ್ಕೊಂಡು ಹೋಗಿದ್ದಾರೆ. ಅಲ್ಲಿದ್ದವನು ಯಾರು? ಸಂತೋಷ್."

ಕರಡಿಗೆ ಎಂದು ಕೈಗೆ ತಿಳಿದ ಕೂಡಲೇ ಶಿವಗಂಗಮ್ಮನವರ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. ಲಿಂಗಪೂಜೆ ಮುಗಿಸದೆ ಕೊಟ್ರಪ್ಪ ಒಂದು ಗುಟುಕು ನೀರು ಕುಡಿದವರಲ್ಲ. ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಡಾಕ್ಟರ ಜೊತೆ ಜಗಳವಾಡಿ ಕೊರಳಲ್ಲೇ ಇಟ್ಟುಕೊಂಡಿದ್ದರು. ಕೊರಳಿನ ಲಿಂಗ ಬೇರೆಯಾಯಿತೆಂದರೆ ಆ ಹೆಂಗಸಿಗೆ ಅರ್ಥ ಒಂದೇ.

"ಹೋದ್ರು," ಅಂದರು. "ನಮ್ಮವರು ಹೋದ್ರು." ಇನ್ನೊಂದು ಕೈ ಮೇಜಿನ ಮೇಲೆ ಪೆನ್ನಿಗಾಗಿ ತಡಕಾಡಿತು. "ಎಲ್ಲಿ ಹಾಕಬೇಕು ಸಹಿ? ತೋರಸ್ರಿ."

"ಅಮ್ಮ, ನಾಲ್ಕನೇ ಪುಟ!" ಗುಣವತಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾಲ್ಕನೇ ಪುಟ ಬರೀಲಿಕ್ಕೆ ಹೇಳಿದ್ದೇ ನಿಮ್ಮ ಯಜಮಾನ್ರು. ಕೇಳಿ. ಬೆಳ್ಳಿಯ ಕರಡಿಗೆ ಧರಿಸುವವರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಬಿಚ್ಚಿ ತಟ್ಟೆಯಲ್ಲಿಡಬೇಕಾಗಿ ಬರುತ್ತದೆ, ಯಾರ್ಯಾರೋ ಮುಟ್ಟುತ್ತಾರೆ. ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳಿ. ಬರಿದಾದ ಕರಡಿಗೆಯನ್ನು ಚೀಲದಲ್ಲಿಡಿ. ಪ್ರವಾಸ ಮುಗಿಯುವವರೆಗೂ ಹೀಗೇ ಇರಲಿ."

ಪೆನ್ನಿಗೆ ಚಾಚಿದ್ದ ಕೈಯನ್ನು ಶಿವಗಂಗಮ್ಮ ಹಿಂದಕ್ಕೆ ಎಳೆದುಕೊಂಡರು.

"ನೀವು ಆಸ್ಪತ್ರೆಯಲ್ಲಿದ್ರಿ, ಹೊರಡುವಾಗ ನೋಡ್ಲಿಲ್ಲ. ಇವನಿಗೆ ಓದ್ಲಿಕ್ಕೆ ಬರುವುದಿಲ್ಲ. ಆ ಕರಡಿಗೆ ಬಿಚ್ಚಿ ನೋಡಿ ಅಮ್ಮ. ನಿಮ್ಮನ್ನು ಬಿಟ್ಟು ನಾವ್ಯಾರೂ ಅದನ್ನು ಮುಟ್ಟುವ ಹಾಗಿಲ್ಲ."

ಮುಚ್ಚಳ ಬಿಗಿಯಾಗಿತ್ತು. ಶಿವಗಂಗಮ್ಮ ಹೆಬ್ಬೆರಳು ಒತ್ತಿ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು. ತೆರೆಯಿತು. ಬೆರಳು ಒಳಗೆ ಆಡಿಸಿದರು.

"ಇಲ್ಲ." ದನಿ ಒಡೆಯಿತು. "ಲಿಂಗ ಇಲ್ಲ! ಅವರ ಕೊರಳಾಗ ಐತಿ! ಗುಣವತಿ, ನಮ್ಮವರ ಕೊರಳಾಗ ಐತಿ ನೋಡು!"

ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟವಿತ್ತು, ಬಹುಶಃ ಎರಡೂ. ಗುಣವತಿಯ ಕಣ್ಣೂ ತುಂಬಿತು. ಇಷ್ಟು ಹೊತ್ತು ಗುಣವತಿಯವ್ರ ಅನ್ನುತ್ತಿದ್ದವರು ಈಗ ಬರೀ ಹೆಸರು ಹಿಡಿದು ಕರೆದದ್ದು ಅವಳಿಗೆ ಬಹಳ ಹಿತವಾಯಿತು.

"ಆದ್ರ ಇದೇನಿದು?" ಶಿವಗಂಗಮ್ಮನವರ ಬೆರಳು ಕರಡಿಗೆಯ ತಳದಿಂದ ಒಂದು ಸಣ್ಣ ಚೀಟಿ ಎಳೆದು ತೆಗೆಯಿತು. ನಾಲ್ಕು ಮಡಿಕೆಯ ಚೀಟಿ. "ಕಾಗದ ಐತಿ."

ಗುಣವತಿ ಮಡಿಕೆ ಬಿಚ್ಚಿದಳು. ಒಂದು ಕಡೆ ಅಚ್ಚಾದ ಇಂಗ್ಲಿಷ್ ಅಕ್ಷರ, ದೋಣಿಯ ಚಿತ್ರ. ಅದನ್ನು ಮನೀಶನ ಮೂಗಿನ ಮುಂದೆ ಹಿಡಿದಳು.

"ಇದು ಇಂಗ್ಲಿಷು. ಇದನ್ನು ಓದ್ಲಿಕ್ಕೆ ಬರ್ತದಲ್ಲ ನಿಂಗೆ? ಓದು."

ಅವನು ಮುಖ ಆಚೆ ತಿರುಗಿಸಿದ.

"ಓದು ಮನೀಶ್!"

"ಗೋಜೋ ಟು ಮಾಲ್ಟಾ," ಅಂದ ಅವನು. "ಒಬ್ಬರಿಗೆ. ಶುಕ್ರವಾರ. ಮಧ್ಯಾಹ್ನ ಎರಡು ಇಪ್ಪತ್ತು."

"ಶುಕ್ರವಾರ," ಅಂದಳು ಗುಣವತಿ. "ಗುರುವಾರ ಕಾಣೆಯಾದ ಮನುಷ್ಯ ಶುಕ್ರವಾರ ಮಧ್ಯಾಹ್ನ ಟಿಕೆಟ್ ತಗೊಂಡು ಗೋಜೋದಿಂದ ವಾಪಸ್ ಬಂದಿದ್ದಾರೆ. ಹೋಗುವವರನ್ನು ಆ ದೋಣಿಯಲ್ಲಿ ಯಾರೂ ಲೆಕ್ಕ ಇಡುವುದಿಲ್ಲ, ಬರುವವರನ್ನು ಮಾತ್ರ. ಬಂದ ಮೇಲೆ ಈ ಚೀಟಿ ಕರಡಿಗೆಯೊಳಗೆ ಇಟ್ಟಿದ್ದಾರೆ. ಕರಡಿಗೆ ಈ ಚೀಲದಲ್ಲಿ. ಚೀಲ ಬೀಗ ಹಾಕಿದ ರೂಮಲ್ಲಿ. ಬೀಗದ ಕೀ ಗುರುವಾರ ಸಂಜೆಯಿಂದ ಯಾರ ಜೇಬಲ್ಲಿತ್ತು ಅಂತ ಈಗಷ್ಟೇ ನೀನೇ ಹೇಳಿದಿ."

ಮನೀಶ್ ಕುರ್ಚಿಯಲ್ಲಿ ಕುಸಿದು ಕೂತ. ಮುಟ್ಟಬಾರದ ವಸ್ತು ಎಂದು ಕರಡಿಗೆಯ ಮುಚ್ಚಳ ತೆಗೆದು ನೋಡದೆ ತಂದಿದ್ದ. ಆ ಮರ್ಯಾದೆಯೊಂದನ್ನು ಸರಸ ಮಗನಿಗೆ ಚೆನ್ನಾಗಿಯೇ ಕಲಿಸಿದ್ದಳು. ಕೊಟ್ರಪ್ಪ ನೆಚ್ಚಿಕೊಂಡದ್ದೂ ಅದನ್ನೇ ಇರಬೇಕು. ಹೆಂಡತಿಯ ಕೈ ಸೇರುವವರೆಗೆ ಬೇರೆ ಯಾರೂ ತೆರೆಯದ ಜಾಗ ಅದೊಂದೇ.

ಗೆದ್ದೆ ಅನ್ನಿಸಿತು ಗುಣವತಿಗೆ. ಮೂರೂ ನಲವತ್ತು. ಸಬ್ ಇನ್ಸ್‌ಪೆಕ್ಟರು ಬರಲಿ, ಈ ಚೀಟಿ ಅವರ ಕೈಗೆ ಕೊಟ್ಟು, ಸಂಜೆಯ ಕಾಫಿ ಹೊತ್ತಿಗೆ ಮಗನನ್ನು ಮನೆಗೆ ಕರೆದುಕೊಂಡು ಹೋಗುವುದು. ಮಧ್ಯಾಹ್ನ ಏನು ತಿಂದನೋ ಏನೋ.

"ತಾ ಇಲ್ಲೆ," ಎಂದು ಶಿವಗಂಗಮ್ಮ ಚೀಟಿಯನ್ನು ಕೇಳಿ ಇಸಿದುಕೊಂಡರು. ಗಂಡ ಮುಟ್ಟಿದ ಕಾಗದವೆಂದು ಅದರ ಮೇಲೆಲ್ಲ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. "ಹಿಂದ ಏನೋ ಬರದಾರ. ಪೆನ್ ಒತ್ತಿ ಬರಿಯೋದು ಅವರ ಚಾಳಿ, ಬೆರಳಿಗೆ ಹತ್ತತೈತಿ. ಕನ್ನಡದಾಗ ಐತೇನು? ಓದು ತಂಗಿ."

ಗುಣವತಿ ಚೀಟಿ ತಿರುಗಿಸಿದಳು. ನೀಲಿ ಮಸಿ. ಪುಸ್ತಕದ ನಾಲ್ಕನೇ ಪುಟಕ್ಕೆ ಧನ್ಯವಾದ ಹೇಳಿ ಕೊಟ್ರಪ್ಪ ಅವಳಿಗೊಂದು ಕಾಗದ ಬರೆದಿದ್ದರು. ಅದೇ ನೆಟ್ಟಗಿನ, ಕಾಗದ ತೂತಾಗುವ ಹಾಗೆ ಒತ್ತಿದ ಅಕ್ಷರ. ಸಂಶಯಕ್ಕೆ ಎಡೆಯೇ ಇರಲಿಲ್ಲ.

ಓದಿದಳು. ಮತ್ತೊಮ್ಮೆ ಓದಿದಳು.

"ಏನೈತಿ?" ಅಂದರು ಶಿವಗಂಗಮ್ಮ.

ಪ್ರೇರಣಾ ತಮಿಳು ಓದಿದ ಹುಡುಗಿ. ಮನೀಶನ ವಿದ್ಯೆ ಆಗಲೇ ಬಯಲಾಗಿತ್ತು. ಶಿವಗಂಗಮ್ಮನವರಿಗೆ ಕಾಣುತ್ತಿರಲಿಲ್ಲ. ಆ ಕೋಣೆಯಲ್ಲಿ ಕನ್ನಡ ಓದಬಲ್ಲ ಕಣ್ಣುಗಳು ಎರಡೇ, ಎರಡೂ ಅವಳವೇ. ಮಸಿ ಅಳಿಸಿದೆ ಅಮ್ಮ, ಏನೂ ಗೊತ್ತಾಗುವುದಿಲ್ಲ ಅಂದರೆ ಮುಗಿಯಿತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ನೆಲ ನೋಡುತ್ತಿದ್ದ ಮಗನ ಮುಖ ಕಣ್ಣ ಮುಂದೆ ಬಂತು.

ಅದರ ಹಿಂದೆಯೇ, ಅರ್ಧ ಗಂಟೆ ಮೊದಲು ಇದೇ ಮೇಜಿನ ಮೇಲೆ ಕೈ ಬಡಿದು ತಾನು ಆಡಿದ ಮಾತೂ ಬಂತು. ಓದಲು ಆಗದವರ ಹತ್ತಿರ, ಓದಿ ಹೇಳದೆ.

"ಗುಣವತಿ?"

"ಓದ್ತೇನೆ ಅಮ್ಮ." ಒಂದಕ್ಷರ ನುಂಗದೆ, ಹನ್ನೊಂದನೆಯ ಪುಟ ಹೇಳಿದ ದನಿಯಲ್ಲೇ ಓದಿದಳು. "ಗಂಗಾ, ಅಡುಗೆಯ ಸಂತೋಷನನ್ನು ನಂಬಬೇಡ. ಗುರುವಾರ ನನ್ನನ್ನು ದೋಣಿ ಹತ್ತಿಸಿ ಗೋಜೋದಲ್ಲಿ ಬಿಟ್ಟು ಹೋದವನು ಅವನೇ."

ಮನೀಶ್ ನಿಧಾನವಾಗಿ ತಲೆಯೆತ್ತಿದ. ಅವನ ಮುಖಕ್ಕೆ ಬಣ್ಣ ಮರಳುತ್ತಿತ್ತು.

ಶಿವಗಂಗಮ್ಮ ಕಪ್ಪು ಕನ್ನಡಕ ತೆಗೆದು ಗುಣವತಿಯ ಕಡೆ ನೋಡಿದರು. ಏನು ಕಂಡರೋ ಅವರಿಗೇ ಗೊತ್ತು. "ನೀ ಓದದ ಇರಬಹುದಿತ್ತು," ಅಂದರು.

"ಇರಬಹುದಿತ್ತು."

ಕೆಳಗೆ ಜೀಪು ನಿಂತ ಸದ್ದಾಯಿತು. ಬಾಗಿಲು ಬಡಿದುಕೊಂಡಿತು, ಮೆಟ್ಟಿಲ ಮೇಲೆ ಬೂಟುಗಳು ಏರತೊಡಗಿದವು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಮನೀಶ್ ಪೆನ್ನಿಗೆ ಕೈ ಚಾಚಿದ. ಅವನಿಗಿಂತ ಮೊದಲು ಗುಣವತಿ ಅದನ್ನು ಎತ್ತಿಕೊಂಡಳು. ತಮಿಳಿನ ಆ ದೂರನ್ನು ನಡುವಿಗೆ ಹರಿದಳು, ಮತ್ತೆ ಹರಿದಳು, ಹರಿದದ್ದನ್ನು ಮನೀಶನ ಮುಂದೆ ಸುರಿದಳು.

"ಪ್ರೇರಣಾ, ಹೊಸ ಹಾಳೆ ತಗೋ," ಅಂದಳು ತಮಿಳಿನಲ್ಲಿ. "ಈ ಅಮ್ಮ ಹೇಳಿದ ಹಾಗೆ ಬರಿ, ಬರೆದದ್ದನ್ನು ಓದಿ ಹೇಳು, ಆಮೇಲೆ ಸಹಿ. ಅದರಲ್ಲಿ ಎರಡು ಹೆಸರು ಇರ್ಲಿ. ಒಂದು ಈ ಮನೀಶನದು."

ಬೂಟುಗಳು ಬಾಗಿಲ ಹೊರಗೆ ಬಂದು ನಿಂತವು. ಪ್ರೇರಣಾ ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು ಕಾಯುತ್ತಿದ್ದಳು.

ಗುಣವತಿ ಪೆನ್ನನ್ನು ಶಿವಗಂಗಮ್ಮನವರ ಕೈಗೆ ಕೊಟ್ಟಳು.

"ಅದಕ್ಕಿಂತ ಮೇಲೆ ಬರಿ," ಅಂದಳು ಪ್ರೇರಣಾಳ ಕಡೆ ತಿರುಗಿ. "ಸಂತೋಷ್. ತಂದೆ ಕಾಂತಪ್ಪ. ತಾಯಿ ಗುಣವತಿ."